ದಾನಿಯ ಮೊಮ್ಮಗ

“ಇದ್ಯಾವ ಸೋಡಾ ಬಾಟ್ಲಿ ಡಾಕ್ಟ್ರೇ?”

ಬೊಳ್ಳಪ್ಪ ಉಂಗುರದ ಬೆರಳಿನಿಂದ ಗಾಜಿನ ಗೋಡೆಯನ್ನು ಟಕಟಕ ಬಡಿದ. ಒಳಗಿದ್ದ ನರ್ಸು ತಲೆಯೆತ್ತಿ ತುಟಿಯ ಮೇಲೆ ಬೆರಳಿಟ್ಟು ತೋರಿಸಿದಳು. ಅವನು ಇನ್ನೊಮ್ಮೆ ಬಡಿದ. ಗಾಜಿನಾಚೆ, ಬಿಸಿ ದೀಪದ ಕೆಳಗೆ, ಹಿಂದಿನ ದಿನವಷ್ಟೇ ಹುಟ್ಟಿದ ಅವನ ಮೊಮ್ಮಗ ಮಲಗಿದ್ದ. ತಿಂಗಳು ತುಂಬುವ ಮೊದಲೇ ಬಂದ ಕೂಸು. ಉಣ್ಣೆಯ ಟೊಪ್ಪಿ ಹುಬ್ಬಿನ ತನಕ ಇಳಿದಿತ್ತು. ಮೂಗಿನ ಹೊಳ್ಳೆಗಳಿಗೆ ಸಿಕ್ಕಿಸಿದ್ದ ಕಿರುನಳಿಗೆಗಳಿಂದ ಹೊರಟ ಕೊಳವೆಯೊಂದು ಪಕ್ಕದಲ್ಲಿದ್ದ ನೀರಿನ ಬಾಟಲಿಯೊಳಗೆ ಮುಳುಗಿತ್ತು. ಆ ಬಾಟಲಿಯಲ್ಲಿ ಎಡೆಬಿಡದೆ ಗುಳುಗುಳು ಗುಳ್ಳೆ ಏಳುತ್ತಿತ್ತು.

ಮಕ್ಕಳ ಡಾಕ್ಟರು ಪವಿತ್ರಾ ಹೊರಗೆ ಬಂದು ಬಾಗಿಲೆಳೆದುಕೊಂಡಳು. “ಗಾಜು ಬಡೀಬೇಡಿ ಸರ್, ಮಕ್ಕಳು ಬೆಚ್ಚಿಬೀಳ್ತವೆ. ಅದು ಸೋಡಾ ಅಲ್ಲ. ನಿಮ್ಮ ಮೊಮ್ಮಗನ ಶ್ವಾಸಕೋಶ ಇನ್ನೂ ಬಲಿತಿಲ್ಲ, ಉಸಿರು ಬಿಟ್ಟಾಗಲೆಲ್ಲ ಮುದುರಿಕೊಳ್ಳುತ್ತೆ. ಹಾಗೆ ಪೂರ್ತಿ ಮುಚ್ಚಿಹೋಗದ ಹಾಗೆ ಈ ಗಾಳಿ ಒಳಗಿನಿಂದ ತಡೆಹಿಡಿದಿರುತ್ತೆ. ಕೊಳವೆ ನೀರಲ್ಲಿ ಎಷ್ಟು ಆಳ ಇದೆಯೋ ಅಷ್ಟು ಒತ್ತಡ. ಉಸಿರಾಡ್ತಿರೋದು ಮಗುವೇ.”

“ಅದೆಲ್ಲ ಇರ್ಲಿ. ನಮ್ಮ ವೆಂಟಿಲೇಟರ್ ಎಲ್ಲಿ?”

“ಆ ಮೂಲೆಯಲ್ಲಿದೆ. ಅದರಲ್ಲಿ ಇನ್ನೊಂದು ಮಗು ಇದೆ.”

“ಯಾರ್ದು?”

ಎದುರಿನ ಬೆಂಚಿನಲ್ಲಿ ಕೂತಿದ್ದ ಯಮುನ ಕಣ್ಣು ಮುಚ್ಚಿದಳು. ಗಂಡ ‘ಯಾರ್ದು’ ಎಂದು ಕೇಳುವ ಆ ಧಾಟಿ ಅವಳಿಗೆ ಮೂವತ್ತು ವರ್ಷದಿಂದ ಗೊತ್ತು. ತೋಟದ ಬೇಲಿ ನುಗ್ಗಿದ ದನ ಕಂಡಾಗ, ಗೇಟಿನ ಮುಂದೆ ನಿಂತ ಅಪರಿಚಿತ ಬೈಕು ಕಂಡಾಗ, ಅವನು ಹೀಗೆಯೇ ಕೇಳುತ್ತಿದ್ದ. ಉತ್ತರ ಏನೇ ಬರಲಿ, ಮುಂದಿನ ಮಾತು ಮೊದಲೇ ತಯಾರಿರುತ್ತಿತ್ತು.

ವೆಂಟಿಲೇಟರನ್ನು ಕಳೆದ ವರ್ಷ ಈ ಟ್ರಸ್ಟ್ ಆಸ್ಪತ್ರೆಗೆ ಕೊಟ್ಟವನು ಬೊಳ್ಳಪ್ಪನೇ. ಸ್ವಂತ ಬಲದಿಂದ ಉಸಿರಾಡಲಾಗದ ಮಕ್ಕಳಿಗೆ ಗಂಟಲೊಳಗೆ ನಳಿಗೆ ಇಳಿಸಿ ಉಸಿರು ತುಂಬುವ ಯಂತ್ರ. ಅದನ್ನು ಕೊಟ್ಟ ದಿನ ಆಸ್ಪತ್ರೆಯ ಅಂಗಳದಲ್ಲಿ ಶಾಮಿಯಾನ ಎದ್ದಿತ್ತು. ಅವರ ಊರು ಮಾದಾಪುರದಿಂದ ಎರಡು ಜೀಪು ತುಂಬ ನೆಂಟರು ಬಂದಿದ್ದರು. ಯಂತ್ರದ ಹಣೆಗೆ ಹಾರ ಹಾಕಿ, ಅರಿಶಿನ ಕುಂಕುಮ ಹಚ್ಚಿ, ಅದರ ಪಕ್ಕದಲ್ಲಿ ಬೊಳ್ಳಪ್ಪನನ್ನು ನಿಲ್ಲಿಸಿ ಫೋಟೋ ಹೊಡೆದಿದ್ದರು. ತೀರಿಕೊಂಡ ತಂದೆಯ ನೆನಪಿಗೆ ಕೊಟ್ಟದ್ದೆಂದು ಸ್ಟೀಲ್ ತಗಡಿನ ಮೇಲೆ ಕೆತ್ತಿಸಿದ್ದ; ತಂದೆಯ ಹೆಸರು ಸಣ್ಣ ಅಕ್ಷರದಲ್ಲಿ, ಕೊಟ್ಟವನ ಹೆಸರು ದೊಡ್ಡದರಲ್ಲಿ. ಮುದುಕ ಬದುಕಿದ್ದಾಗ ಒಡೆದ ಕನ್ನಡಕಕ್ಕೆ ದಾರ ಕಟ್ಟಿಕೊಂಡೇ ಓಡಾಡಿದ್ದು ಯಮುನಳಿಗೆ ಆ ಶಾಮಿಯಾನದ ಕೆಳಗೆ ನೆನಪಾಗಿ ನಗು ಬಂದಿತ್ತು. ಕೊಟ್ಟ ಮೇಲೆ ತನ್ನದಲ್ಲ ಅನ್ನುವುದಕ್ಕೇ ದಾನ ಎನ್ನುತ್ತಾರೆಂದು ಅವಳು ತಿಳಿದಿದ್ದಳು. ಗಂಡನ ಲೆಕ್ಕ ಬೇರೆ. ಅವನು ಕೊಟ್ಟದ್ದೆಲ್ಲ ಸಾಯುವ ತನಕ ಅವನದೇ.

“ಕುಶಾಲನಗರದ ಕಡೆಯವರ ಮಗು,” ಅಂದಳು ಪವಿತ್ರಾ. “ಹೊಟ್ಟೆಯಲ್ಲಿದ್ದಾಗಲೇ ಮಲ ಬೆರೆತ ನೀರು ಉಸಿರಿಗೆ ಸೇರಿಬಿಟ್ಟಿದೆ. ಯಂತ್ರ ಇಲ್ಲದಿದ್ರೆ ಅದು ಉಳಿಯಲ್ಲ. ನಿಮ್ಮ ಮೊಮ್ಮಗನಿಗೆ ಯಂತ್ರ ಬೇಕಿಲ್ಲ. ಅಗತ್ಯ ಇಲ್ಲದ ಮಗುವಿಗೆ ಹಾಕಿದ್ರೆ ಎಳೆ ಶ್ವಾಸಕೋಶಕ್ಕೆ ಪೆಟ್ಟಾಗಬಹುದು.”

“ನಂಗೆ ಪಾಠ ಮಾಡ್ಬೇಡಿ ಡಾಕ್ಟ್ರೇ. ನಾನು ಈ ಆಸ್ಪತ್ರೆ ಕಮಿಟಿಯವನು.”

“ಗೊತ್ತು ಸರ್,” ಅಂದಳು ಆಕೆ, ಮತ್ತು ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು.

ಬೊಳ್ಳಪ್ಪ ಫೋನು ತೆಗೆದು ಕಾರಿಡಾರಿನ ತುದಿಗೆ ನಡೆದ. ತೋಟದಲ್ಲಿ ಕಾಫಿ ಹೂವಿಗೆ ಸ್ಪ್ರಿಂಕ್ಲರ್ ಓಡುತ್ತಿದ್ದ ದಿನಗಳು. ಮೊದಲು ತೋಟದ ಲೆಕ್ಕ ನೋಡುವ ರೈಟರನಿಗೆ ಪೈಪು ಬದಲಾಯಿಸುವ ಬಗ್ಗೆ ಬೈದ. ಆಮೇಲೆ ಇನ್ಯಾರಿಗೋ ಮೊಮ್ಮಗನ ಬಗ್ಗೆ ಹೇಳಿದ. ಎರಡೂ ಒಂದೇ ಗಂಟಲಿನಲ್ಲಿ.

ಬೆಂಚಿನ ಇನ್ನೊಂದು ತುದಿಯಲ್ಲಿ ಕೂತಿದ್ದ ಕಾಳಮ್ಮ ಎಲೆಯಡಿಕೆಯ ಚೀಲವನ್ನು ಮಡಿಲಲ್ಲಿ ಒತ್ತಿಕೊಂಡು ಕೆಳದನಿಯಲ್ಲಿ ಕೇಳಿದಳು. “ನಿಮ್ಮೆಜಮಾನ್ರಾ?”

“ಹೌದು.”

“ನಮ್ದೂ ಒಂದಿತ್ತು ಇಂಥದೇ. ಈಗ ಸತ್ತೋಯ್ತು.”

ಯಮುನ ತಡೆಯಲಾರದೆ ಸೆರಗು ಬಾಯಿಗಿಟ್ಟುಕೊಂಡಳು. ಯಂತ್ರದಲ್ಲಿದ್ದದ್ದು ಕಾಳಮ್ಮನ ಸೊಸೆ ದಿವ್ಯಶ್ರೀಯ ಕೂಸು. ಹಾಸನದ ಕಡೆಯಿಂದ ಬಂದು ಕುಶಾಲನಗರದ ಹತ್ತಿರ ಶುಂಠಿ, ಜೋಳ ಬೆಳೆದುಕೊಂಡಿದ್ದ ಮನೆಯವರು. ಕಾಳಮ್ಮ ಇಡೀ ಆಸ್ಪತ್ರೆಯಲ್ಲಿ ಯಾರನ್ನೂ ಬಿಟ್ಟವಳಲ್ಲ. ಗೇಟಿನ ವಾಚ್‌ಮನ್ನು, ಚಪ್ಪಲಿ ಬಿಡಿಸುವ ಆಯಾ, ನೀರಿನಂಥ ಸಾರು ಕೊಡುವ ಕ್ಯಾಂಟೀನಿನವನು, ಎಲ್ಲರಿಗೂ ಅವಳ ಬಾಯಲ್ಲಿ ಒಂದೊಂದು ಹೆಸರಿತ್ತು. ಬೈಯುತ್ತ ಬೈಯುತ್ತಲೇ ಅವಳು ಗಾಜಿನ ಕಡೆ ನೋಡುತ್ತಿದ್ದಳು. ನೋಡಿದಾಗ ಮಾತ್ರ ಮಾತು ನಿಲ್ಲುತ್ತಿತ್ತು.

“ಡಾಕ್ಟ್ರಮ್ಮ ಏನೋ ಕೇಳ್ತಿತ್ತಲ್ಲ ನಿಮ್ಮನ್ನ, ಬೆಳಿಗ್ಗೆ?”

ಯಮುನ ತಲೆ ತಗ್ಗಿಸಿದಳು. ಸೊಸೆ ಮೋನಿಷಾಗೆ ಆಪರೇಷನ್ನಿನ ಮೇಲೆ ಜ್ವರ ಬಂದಿತ್ತು. ಅವಳ ಬದಲು ಅಜ್ಜಿಯಾದರೂ ಕೂಸನ್ನು ಬರಿಯೆದೆಗೆ ಅಪ್ಪಿ ಕೂರಲಿ, ಮೈಯ ಬಿಸಿಗೆ ಮಗುವಿನ ಉಸಿರು ಹದಕ್ಕೆ ಬರುತ್ತದೆ, ಮೂಗಿನ ನಳಿಗೆ ಹಾಗೆಯೇ ಇರುತ್ತದೆ ಎಂದು ಪವಿತ್ರಾ ಕೇಳಿದ್ದಳು. ಯಮುನಳಿಗೆ ಅಸಹ್ಯವೆನಿಸಿತ್ತು. ರವಿಕೆ ಬಿಚ್ಚಿ, ಪರರ ನಡುವೆ, ಈ ವಯಸ್ಸಿನಲ್ಲಿ! ಇಷ್ಟು ಓದಿದ ಹುಡುಗಿಗೆ ಬೇರೆ ಔಷಧಿ ಹೊಳೆಯಲಿಲ್ಲವೇ ಎಂದು ಒಳಗೊಳಗೇ ಹೀಗಳೆದು, ನನ್ನಿಂದಾಗುವುದಿಲ್ಲ ಎಂದಿದ್ದಳು.

“ಏನಿಲ್ಲ,” ಅಂದಳು ಈಗ.

ಕಾಳಮ್ಮ ಬಿಸಿನೀರು ತರಲು ಕೆಳಗೆ ಹೋದ ಹೊತ್ತಿಗೆ ತೀರ್ಥಪ್ರಸಾದ್ ಬಂದ. ಟ್ರಸ್ಟಿನ ಕಾರ್ಯದರ್ಶಿ, ದೂರದಿಂದ ಬೊಳ್ಳಪ್ಪನಿಗೆ ನೆಂಟ. ಎದುರಿಗಿದ್ದವನ ಮುಖ ನೋಡಿ ತನ್ನ ಮುಖ ಜೋಡಿಸಿಕೊಳ್ಳುವ ಜಾತಿ. ಬೊಳ್ಳಪ್ಪ ಸಿಟ್ಟಿನಲ್ಲಿದ್ದದ್ದು ಕಂಡು ಅವನೂ ಸಿಟ್ಟು ತಂದುಕೊಂಡ. ಇಬ್ಬರೂ ಕಿಟಕಿಯ ಬಳಿ ನಿಂತು ಮನೆಮಾತಿನಲ್ಲಿ ಮಾತಿಗಿಳಿದರು. ಬೆಂಚಿನಲ್ಲಿ ಯಮುನ ಇರುವುದು ಅವರಿಗೆ ಅಡ್ಡಿಯಾಗಲಿಲ್ಲ. ಅವಳಿರುವುದು ಯಾವತ್ತೂ ಯಾರಿಗೂ ಅಡ್ಡಿಯಾಗಿರಲಿಲ್ಲ.

“ನಾಳೆ ಊರಲ್ಲಿ ಜನ ಎಂಥ ಹೇಳುವ, ತೀರ್ಥ? ಬೊಳ್ಳಪ್ಪ ಮಿಷನ್ ಕೊಟ್ಟ, ಅಂವನ ಮೊಮ್ಮಗನೇ ನೀರ್ ಬಾಟ್ಲಿಲಿ ಬಿದ್ದುಟ್ಟು ಹೇಳಿ ನಗಾಡಿಕಿಲ್ಲೆಯಾ?”

“ನಗಾಡ್ದೇ ಇರ್ತವಾ ಮಾವ.”

“ಮತ್ತೆ? ನೀ ಕಾರ್ಯದರ್ಶಿ ಆಗಿ ಎಂಥ ಮಾಡ್ದು?”

ತೀರ್ಥಪ್ರಸಾದ್ ಕತ್ತು ತುರಿಸಿಕೊಂಡ. “ಆ ಕುಶಾಲನಗರದ ಕೂಸುನ ಮೈಸೂರಿಗೆ ಕಳ್ಸಿರೆ ಆಕು. ಆಂಬುಲೆನ್ಸ್ ನಮ್ದೇ ಕೊಡುವ. ದೊಡ್ಡಾಸ್ಪತ್ರೆ, ಒಳ್ಳೆದಾಕು ಹೇಳಿರೆ ಅವು ಎಂಥ ಹೇಳುವ? ಓದ್ದವೂ ಅಲ್ಲ. ಡಾಕ್ಟ್ರಮ್ಮನ ಕೈಲಿ ನಾನೇ ಮಾತಾಡ್ನೆ.”

“ದಾರೀಲಿ ಎಂತಾರೂ ಆದ್ರೆ?”

ಬೊಳ್ಳಪ್ಪ ಇದನ್ನು ಕೇಳಿದ್ದು ಹೆದರಿಕೆಯಿಂದಲ್ಲ, ಎಚ್ಚರಿಕೆಯಿಂದ. ಯಮುನಳಿಗೆ ಅದು ಅವನ ದನಿಯಲ್ಲೇ ತಿಳಿಯಿತು.

“ಆದ್ರೆ ದಾರೀಲಿ ತಾನೆ ಮಾವ, ಆಸ್ಪತ್ರೇಲಿ ಅಲ್ಲನೆ,” ಅಂದ ತೀರ್ಥಪ್ರಸಾದ್.

ಇಬ್ಬರೂ ತಲೆದೂಗಿದರು. ಸೌದೆ ಲಾರಿಯನ್ನು ಯಾವ ಗೇಟಿನಿಂದ ಬಿಡಬೇಕೆಂದು ತೀರ್ಮಾನಿಸಿದವರ ಹಾಗೆ. ಅಷ್ಟರಲ್ಲಿ ಮಗ ಪ್ರಜ್ಞೇಶ್ ಔಷಧಿಯ ಚೀಲ ಹಿಡಿದು ಮೆಟ್ಟಿಲು ಹತ್ತಿ ಬಂದ. ಅಪ್ಪ ಅವನ ಹೆಗಲ ಮೇಲೆ ಕೈ ಹಾಕಿ ವಿಷಯ ಹೇಳಿದ. ಪ್ರಜ್ಞೇಶ್ ಒಮ್ಮೆ ಗಾಜಿನ ಕಡೆ ನೋಡಿದ, ಒಮ್ಮೆ ಅವ್ವನ ಕಡೆ ನೋಡಿದ, ಆಮೇಲೆ ತನ್ನ ಚಪ್ಪಲಿಯ ಕಡೆ ನೋಡಿದ.

“ಡಾಕ್ಟ್ರು ಬೇಡ ಹೇಳಿದೊ ಅಲ್ಲಪ್ಪಾ...”

“ಡಾಕ್ಟ್ರು ಹೇಳ್ಲಿ. ಅಪ್ಪ ನೀನಾ, ಅವ್ಳಾ? ಒಪ್ಪಿಗೆ ಸೈನ್ ನೀ ಹಾಕೊಕು.”

“ಹಾಕ್ನೆ,” ಎಂದು ಪ್ರಜ್ಞೇಶ್ ಒಪ್ಪಿಕೊಂಡ.

ಇಪ್ಪತ್ತೇಳು ವರ್ಷದ ಗಂಡಸು, ಒಂದು ಕೂಸಿನ ತಂದೆ. ತಾನು ಹೆತ್ತದ್ದು ಇದನ್ನೇ ಎಂದು ಯಮುನ ಅವನನ್ನು ಉದ್ದಕ್ಕೂ ಅಡ್ಡಕ್ಕೂ ನೋಡಿದಳು. ಗಂಡನ ಬಗ್ಗೆ ಅವಳಿಗೆ ತಿರಸ್ಕಾರ ಹೊಸದಲ್ಲ. ಅದು ಅಡಿಗೆಮನೆಯ ಮಸಿಯ ಹಾಗೆ, ಎಷ್ಟೋ ವರ್ಷಗಳಿಂದ ಗೋಡೆಗೆ ಹತ್ತಿ ಗೋಡೆಯದೇ ಬಣ್ಣವಾಗಿತ್ತು. ಮಗನ ಮೇಲೆ ಹುಟ್ಟಿದ್ದು ಹಸಿಯಾಗಿತ್ತು, ಉರಿಯಿತು.

ಪ್ರಜ್ಞೇಶನಿಗಿಂತ ಮೊದಲು ಅವಳಿಗೊಂದು ಹೆಣ್ಣು ಕೂಸು ಹುಟ್ಟಿತ್ತು. ಅದೂ ದಿನ ತುಂಬದ್ದೇ. ತೋಟದ ಮನೆಯ ಒಳಕೋಣೆಯಲ್ಲಿ, ಉಸಿರು ಬಿಟ್ಟಾಗಲೆಲ್ಲ ಹ್ಞೂಂ ಹ್ಞೂಂ ಎಂದು ನರಳುತ್ತ, ಪಕ್ಕೆಲುಬು ಒಳಗೆಳೆದುಕೊಳ್ಳುತ್ತ, ಅದು ಸಂಜೆಯ ತನಕ ಬದುಕಿತ್ತು. ಮಡಿಕೇರಿಗೆ ಹೋಗಲು ಜೀಪಿರಲಿಲ್ಲ. ಜೀಪು ಪಂಚಾಯಿತಿ ಎಲೆಕ್ಷನ್ನಿಗೆ ಜನ ಹೊರಲು ಹೋಗಿತ್ತು, ಆ ಎಲೆಕ್ಷನ್ನಿಗೆ ಬೊಳ್ಳಪ್ಪ ನಿಂತಿದ್ದ. ಗೆಲ್ಲಲೂ ಇಲ್ಲ. ಆ ಸೋಲನ್ನು ಅವನು ಇವತ್ತಿಗೂ ನೆಂಟರೆದುರು ನೆನೆಸಿಕೊಳ್ಳುತ್ತಾನೆ, ಯಾರು ಕೈಕೊಟ್ಟರು, ಯಾವ ಬೂತಿನಲ್ಲಿ ಮೋಸವಾಯಿತು ಎಂದು. ಆ ದಿನ ಮನೆಯಲ್ಲಿ ಇನ್ನೇನಾಯಿತು ಎನ್ನುವುದು ಅವನ ಕಥೆಯಲ್ಲಿ ಬರುವುದಿಲ್ಲ.

ನಿನ್ನೆ ಆಪರೇಷನ್ ಕೋಣೆಯಿಂದ ನರ್ಸು ಮೊಮ್ಮಗನನ್ನು ಎತ್ತಿಕೊಂಡು ಓಡಿದಾಗ ಅದೇ ಹ್ಞೂಂ ಹ್ಞೂಂ ಅವಳ ಕಿವಿಗೆ ಬಿದ್ದಿತ್ತು. ಆ ಬಾಟಲಿಯಲ್ಲಿ ಗುಳ್ಳೆ ಏಳತೊಡಗಿದ ಮೇಲೆ ಅದು ನಿಂತಿತ್ತು. ನಿಂತಿದೆ ಎನ್ನುವುದು ಅವಳಿಗೆ ಈಗಷ್ಟೇ, ಮೂರು ಗಂಡಸರ ಬೆನ್ನು ನೋಡುತ್ತ ಕೂತಾಗ, ಹೊಳೆಯಿತು. ಬೆಳಗಿನಿಂದ ಕೂಸು ನರಳಿಲ್ಲ.

ಅವಳು ಎದ್ದು ಚಪ್ಪಲಿ ಬಿಟ್ಟು ಬಾಗಿಲು ತಳ್ಳಿದಳು.

“ಡಾಕ್ಟ್ರೇ, ಬೆಳಿಗ್ಗೆ ಹೇಳಿದಿರಲ್ಲ, ಅದು ನಾನು ಮಾಡ್ತೇನೆ. ಈಗಲೇ.”

ಪವಿತ್ರಾ ಅವಳ ಮುಖವನ್ನೊಮ್ಮೆ, ಗಾಜಿನಾಚೆಯ ಗಂಡಸರನ್ನೊಮ್ಮೆ ನೋಡಿದಳು. ನರ್ಸಿಗೆ ಸನ್ನೆ ಮಾಡಿದಳು. ನರ್ಸು ಪರದೆ ಎಳೆದಳು. ಕೈ ತೊಳೆಸಿ, ಮುಂದೆ ತೆರೆಯುವ ಹಸಿರು ಅಂಗಿ ಕೊಟ್ಟು, ಒರಗು ಕುರ್ಚಿಯಲ್ಲಿ ಕೂರಿಸಿದರು. ಯಮುನ ಪರದೆಯ ಕಡೆ ಮುಖ ತಿರುಗಿಸಿ ರವಿಕೆಯ ಗುಂಡಿ ಬಿಚ್ಚಿದಳು. ಆಮೇಲೆ ನರ್ಸು ನಳಿಗೆಗಳ ಸಮೇತ ಕೂಸನ್ನು ಎತ್ತಿ ತಂದು ಅವಳ ಎದೆಗೂಡಿನ ಮೇಲೆ ಬೋರಲು ಮಲಗಿಸಿದಳು. ಕೊಕ್ಕರೆ ಮರಿಯ ಹಾಗೆ ಬರೀ ಕಾಲು. ತೂಕವೇ ಇಲ್ಲವೆನಿಸಿತು. ಆಮೇಲೆ, ಇಷ್ಟಿಷ್ಟೇ, ತೂಕ ಬಂತು. ಬಟ್ಟೆ ಸುತ್ತಿ ಕಟ್ಟಿದರು. ಪಕ್ಕದಲ್ಲಿ ಗುಳ್ಳೆ ಗುಳುಗುಳು ಎನ್ನುತ್ತಿತ್ತು. ಅವಳ ಮೊಲೆಗಳ ನಡುವೆ ಕೂಸಿನ ಬೆನ್ನು ಏಳುತ್ತ ಇಳಿಯುತ್ತ, ಮೊದಲು ಅಡ್ಡಾದಿಡ್ಡಿ ಓಡಿ, ಸ್ವಲ್ಪ ಹೊತ್ತಿಗೆ ಒಂದು ನಡಿಗೆಗೆ ಬಂತು.

ಹೊರಗೆ ತೀರ್ಥಪ್ರಸಾದನ ದನಿ ಪವಿತ್ರಾಳ ದನಿಯೊಂದಿಗೆ ಸ್ವಲ್ಪ ಹೊತ್ತು ಜಗ್ಗಾಡಿತು. “ಆ ಮಗುವನ್ನ ಕಳಿಸಿ ಅಂತ ನಾನು ಬರೆಯಲ್ಲ. ಬರೆಯೋರನ್ನ ನೀವೇ ಹುಡುಕಿಕೊಳ್ಳಿ,” ಅಂದದ್ದು ಕೇಳಿಸಿತು. ಆಮೇಲೆ ಪರದೆ ಸರಿಯಿತು. ಬೊಳ್ಳಪ್ಪ, ಅವನ ಹಿಂದೆ ತೀರ್ಥಪ್ರಸಾದ್, ಇಬ್ಬರ ಹಿಂದೆ ಪ್ರಜ್ಞೇಶ್. ಮೂವರೂ ಚಪ್ಪಲಿ ಬಿಟ್ಟಿರಲಿಲ್ಲ.

ಬೊಳ್ಳಪ್ಪ ಹೆಂಡತಿಯ ಬರಿ ಭುಜ ಕಂಡು ದೃಷ್ಟಿ ಹೊರಳಿಸಿದ. “ಯಮುನಾ! ಎಂಥ ನಾಚ್ಕೆಗೇಡ್ ಇದ್? ಏಳ್. ಕೂಸುನ ಕೊಡ್.”

“ಮೆಲ್ಲ ಮಾತಾಡಿ. ಮಲ್ಗುಟು.”

“ಮಿಷನ್ನಿಗೆ ಹಾಕೊಕು. ಎಲ್ಲ ಮಾತಾಡಿ ಆಗುಟು.”

“ಯಾರ ಕೈಲಿ ಮಾತಾಡಿದ? ಅಲ್ಲಿ ಮಲ್ಗಿರ್ವ ಕೂಸುನ ಕೈಲಿಯಾ?” ಯಮುನ ತಲೆಯೆತ್ತಲಿಲ್ಲ, ಮಾತಾಡಿದರೆ ಎದೆ ಅಲುಗುತ್ತದೆಂದು ಪಿಸುದನಿಯಲ್ಲೇ ಹೇಳಿದಳು. ಪಿಸುದನಿಯಾದ್ದರಿಂದ ಮೂವರೂ ಬಗ್ಗಿ ಕೇಳಬೇಕಾಯಿತು. “ಈ ಕೂಸಿಗೆ ಮಿಷನ್ ಬೇಡ. ಬೇಕಾದ್ ನಿಮ್ಮ ಹೆಸ್ರಿಗೆ. ಹೆಸ್ರಿಗೆ ಉಸ್ರು ಕಟ್ತುಟ್ಟು ಹೇಳಿರೆ ನೀವೇ ಹೋಗಿ ಮಲ್ಗಿ ಅದ್ರಲ್ಲಿ. ಡಾಕ್ಟ್ರು ನಳಿಗೆ ಇಳ್ಸುವ.”

ಪರದೆಯಾಚೆ ನರ್ಸು ಕೆಮ್ಮಿದಳು.

“ನಿಂಗೆ ತಲೆ ಸರಿ ಉಟ್ಟಾ?”

“ಒಂದು ಕೂಸುನ ಎಲೆಕ್ಷನ್ನಿಗೆ ಕೊಟ್ಟೆ. ಇನ್ನೊಬ್ಬರ ಕೂಸುನ ನಿಮ್ಮ ತಗಡಿಗೆ ಕೊಡಿಕೆ ನನ್ನ ಕೈಲಿ ಆದುಲೆ. ಬೇಕಾರೆ ಬನ್ನಿ, ಇಲ್ಲಿಂದ ಬಿಚ್ಚಿ ತೆಗ್ದ್ಕಣಿ. ತೀರ್ಥ, ನೀನೂ ಬಾ. ಪ್ರಜ್ಞೇಶ, ಬಾ, ಸೈನ್ ಹಾಕ್ನೆ ಹೇಳ್ದೆ ಅಲ್ಲಾ, ಬಂದು ಅವ್ವನ ಎದೆಯಿಂದ ಎಳ್ದು ತೆಗೆ.”

ಈಗ ಅವಳು ತಲೆಯೆತ್ತಿ ಒಬ್ಬೊಬ್ಬರನ್ನೇ ನೋಡಿದಳು. ಅಳುತ್ತಿರಲಿಲ್ಲ, ಅತ್ತಿದ್ದರೆ ಅವರಿಗೆ ಸುಲಭವಾಗುತ್ತಿತ್ತು. ಹುಳ ಬಿದ್ದ ಅಕ್ಕಿ ಮೊರದಲ್ಲಿ ನೋಡುವ ಹಾಗೆ ನೋಡಿದಳು. ತೀರ್ಥಪ್ರಸಾದ್ ತನ್ನ ಮುಖ ಯಾವುದಕ್ಕೆ ಜೋಡಿಸಿಕೊಳ್ಳಬೇಕೆಂದು ತಿಳಿಯದೆ ಮೊದಲು ಹೊರಗೆ ಹೋದ. ಪ್ರಜ್ಞೇಶ್ ಹಿಂದೆಯೇ ಹೋದ. ಬೊಳ್ಳಪ್ಪ ಒಂದು ಗಳಿಗೆ ನಿಂತ. ಏನಾದರೂ ಹೇಳಿಯೇ ಹೋಗಬೇಕಿತ್ತು ಅವನಿಗೆ.

“ಕೂಸಿಗೆ ಎಂತಾರೂ ಆದ್ರೆ ನೀನೇ ಜವಾಬ್ದಾರಿ.”

“ಆಕು,” ಅಂದಳು ಯಮುನ.

ಅವನು ಫೋನು ಕಿವಿಗಿಟ್ಟುಕೊಂಡು ಹೋದ. ಮೆಟ್ಟಿಲಿಳಿಯುವ ತನಕ ಸ್ಪ್ರಿಂಕ್ಲರಿನ ಮಾತು ಕೇಳಿಸುತ್ತಿತ್ತು.

ಆಮೇಲಿನ ದಿನಗಳಲ್ಲಿ ಯಮುನ ಊಟ ಸ್ನಾನಕ್ಕೆ ಬಿಟ್ಟರೆ ಆ ಕುರ್ಚಿ ಬಿಡಲಿಲ್ಲ. ಹೆದರಿಕೆ ಇರಲಿಲ್ಲವೆಂದಲ್ಲ. ಒಮ್ಮೆ ಕೂಸು ಉಸಿರು ಮರೆತು ನೀಲಿಗಟ್ಟಿತು. ನರ್ಸು ಅಂಗಾಲು ಕೆರೆದು ಎಬ್ಬಿಸುವಷ್ಟರಲ್ಲಿ ಅವಳ ಬಾಯಲ್ಲಿ ಅಷ್ಟೂ ದೇವರ ಹೆಸರು ಬಂದುಹೋಗಿತ್ತು. ‘ನೀನೇ ಜವಾಬ್ದಾರಿ’ ಎಂಬ ಮಾತು ಆಗ ಚೂರಿಯಂತೆ ತಿರುಗಿತು. ಆದರೆ ಕೂಸು ಮತ್ತೆ ನಡಿಗೆ ಹಿಡಿಯಿತು. ಜ್ವರ ಇಳಿದ ಮೇಲೆ ಮೋನಿಷಾ ಬಂದು ಕೂತಳು. ನಡೆದದ್ದನ್ನು ಅವಳಿಗೆ ಯಾರೂ ಹೇಳಿರಲಿಲ್ಲ. ಆದರೂ ಗಂಡ ಹಣ್ಣು ಹಿಡಿದುಕೊಂಡು ಬಂದಾಗ ಅವನ ಮುಖವನ್ನೂ ಅತ್ತೆಯ ಮುಖವನ್ನೂ ನೋಡಿ, “ಹಣ್ಣು ಅತ್ತೆಗೆ ಕೊಡಿ,” ಅಂದಳು. ಪ್ರಜ್ಞೇಶ್ ಚೀಲವನ್ನು ಬೆಂಚಿನ ಮೇಲಿಟ್ಟು ಹೋದ. ಯಮುನ ಅದನ್ನು ಆಯಾಳಿಗೆ ಕೊಟ್ಟಳು.

ಕೊನೆಗೊಂದು ಬೆಳಿಗ್ಗೆ ಮೂಗಿನ ನಳಿಗೆ ತೆಗೆದರು. ಕೂಸು ಸೀನಿತು, ಮುಖ ಕಿವುಚಿತು, ಉಸಿರಾಡಿತು. ಖಾಲಿಯಾದ ಬಾಟಲಿಗೆ ಹೊಸ ನೀರು ತುಂಬಿ ಮೂಲೆಯ ಕೂಸಿನ ಪಕ್ಕಕ್ಕೆ ಇಟ್ಟರು. ಕಾಳಮ್ಮನ ಮೊಮ್ಮಗಳನ್ನು ದೊಡ್ಡ ಯಂತ್ರದಿಂದ ಬಿಡಿಸಿದ್ದರು. ಗಂಟಲಿನ ನಳಿಗೆ ತೆಗೆದ ಕೂಡಲೇ ಆ ಹುಡುಗಿ ಅತ್ತಳು. ದನಿ ಒಡೆದು, ಬೆಕ್ಕಿನ ಮರಿಯ ಹಾಗೆ. ಗಾಜಿನ ಹೊರಗೆ ನಿಂತಿದ್ದ ಕಾಳಮ್ಮ ಅವತ್ತು ಯಾರನ್ನೂ ಬೈಯಲಿಲ್ಲ.

ಎರಡೂ ಕೂಸುಗಳು ಮನೆಗೆ ಹೊರಡುವ ದಿನ ಬೊಳ್ಳಪ್ಪ ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು ಬಂದ. ತೀರ್ಥಪ್ರಸಾದ್ ಪತ್ರಿಕೆಯವನೊಬ್ಬನನ್ನು ಕರೆಸಿದ್ದ. ದಾನಿ ಕೊಟ್ಟ ಯಂತ್ರದಿಂದ ಬಡ ರೈತನ ಮಗುವಿಗೆ ಮರುಜನ್ಮ, ಇದು ಸುದ್ದಿ. ದಿವ್ಯಶ್ರೀಯನ್ನು ಯಂತ್ರದ ಒಂದು ಬದಿಗೆ ನಿಲ್ಲಿಸಿದರು, ಬೊಳ್ಳಪ್ಪನನ್ನು ಇನ್ನೊಂದು ಬದಿಗೆ. ಅವಳ ಕೂಸನ್ನು ಅವನ ಕೈಗೆ ಕೊಟ್ಟರು. ಬೊಳ್ಳಪ್ಪ ಅದನ್ನು ಸೋರೆಕಾಯಿ ಹಿಡಿದ ಹಾಗೆ ಹಿಡಿದುಕೊಂಡು, ಇಂಥ ಸೇವೆಗೆ ಅವಕಾಶ ಸಿಕ್ಕಿದ್ದು ತನ್ನ ಭಾಗ್ಯ ಎಂದು ಹೇಳಿದ. ಹೇಳುವಾಗ ಅವನ ಗಂಟಲು ನಿಜವಾಗಿಯೂ ಕಟ್ಟಿತು. ಯಮುನಳಿಗೆ ಅದೇ ಎಲ್ಲಕ್ಕಿಂತ ಹೇಸಿಗೆ ಎನಿಸಿದ್ದು. ಅವನು ನಾಟಕ ಮಾಡುತ್ತಿರಲಿಲ್ಲ. ಅವನು ನಂಬಿದ್ದ.

“ಅಮ್ಮನವ್ರೂ ಬನ್ನಿ, ಫೋಟೋಕ್ಕೆ,” ಪತ್ರಿಕೆಯವನು ಕರೆದ.

“ನನಗೆ ಕೈ ಬಿಡುವಿಲ್ಲ,” ಅಂದಳು ಯಮುನ, ಮೊಮ್ಮಗನನ್ನು ಎದೆಗೆ ಸರಿಪಡಿಸಿಕೊಳ್ಳುತ್ತ.

ಆಗ ಕಾಳಮ್ಮ ಮುಂದೆ ಬಂದು, ನೆಲಕ್ಕೆ ಹಣೆ ಮುಟ್ಟುವ ಹಾಗೆ ಬಗ್ಗಿ ಬೊಳ್ಳಪ್ಪನ ಕಾಲಿಗೆ ನಮಸ್ಕಾರ ಮಾಡಿದಳು. ಪತ್ರಿಕೆಯವನು ಇನ್ನೊಮ್ಮೆ ಮಾಡಿ ಅಂದ. ಅವಳು ಇನ್ನೊಮ್ಮೆ ಮಾಡಿದಳು. ಯಮುನಳಿಗೆ ನೋಡಲಾಗಲಿಲ್ಲ, ಹೊರಗಿನ ಜಗಲಿಗೆ ಬಂದು ಬಿಸಿಲಿಗೆ ಬೆನ್ನು ಕೊಟ್ಟು ಕಟ್ಟೆಯ ಮೇಲೆ ಕೂತಳು.

ಸ್ವಲ್ಪ ಹೊತ್ತಿಗೆ ಕಾಳಮ್ಮ ಸೊಂಟ ಹಿಡಿದುಕೊಂಡು ಬಂದು ಪಕ್ಕದಲ್ಲಿ ಕುಕ್ಕರಿಸಿದಳು.

“ಕಾಳಮ್ಮಾ, ನೀವು ಅವರ ಕಾಲು ಮುಟ್ಟಬಾರದಿತ್ತು. ನಿಮಗೆ ಗೊತ್ತಿಲ್ಲ, ಅವತ್ತು ಅವರು...”

“ಗೊತ್ತು ಬುಡ್ರವ್ವ. ಆಯಾ ಅವತ್ತೇ ಯೋಳಿದ್ಲು. ಮೈಸೂರ್‌ಗೆ ಸಾಗಾಕ್ತಿದ್ರಂತಲ್ಲ ನಮ್ ಕೂಸ್ನ. ನಿಮ್ಮನ್ನೂ ಬಯ್ಕಂಡೆ, ಸುಳ್ಳ್ ಯಾಕೆ. ನೀವ್ ಎದೆಗ್ ಹಾಕ್ಕಂಡ್ ಕುಂತಿದ್ದು ಆಮ್ಯಾಕೆ ಗೊತ್ತಾಯ್ತು.”

“ಮತ್ತೆ ಯಾಕೆ ಬಗ್ಗಿದಿರಿ?”

“ದೊಡ್ಡೋರು ದಾರಿಗಡ್ಡ ಕಾಲ್ ಚಾಚ್ಕಂಡ್ ನಿಂತವ್ರೆ. ಬಗ್ಗುದ್ರೆ ತಾನೆ ಕೂಸ್ನ ವಾಪಸ್ ಕೊಡದು?” ಕಾಳಮ್ಮ ಅಡಿಕೆ ಕಡಿದಳು. “ನಮ್ಗೇನು, ಶುಂಠಿ ಕಿತ್ತು ಕಿತ್ತು ಬಗ್ಗಿರ ಸೊಂಟ. ಬಗ್ದಾಗ ಕಂಡೆ, ನಿಮ್ಮೆಜಮಾನ್ರು ಒಂದ್ ಕಾಲ್ಗೆ ಕಪ್ ಕಾಲ್ಚೀಲ, ಒಂದ್ ಕಾಲ್ಗೆ ಕಂದುದ್ದು ಹಾಕ್ಕಂಡವ್ರೆ. ಎರಡ್ನೇ ಕಿತ ಬಗ್ಗಿದ್ದು ಅದ್ನ ಸರಿಯಾಗ್ ನೋಡಕ್ಕೇಯ.”

ಯಮುನ ನಕ್ಕಳು. ಸೆರಗು ಬಾಯಿಗೆ ಹೋಗಲಿಲ್ಲ. ಕೈ ಕೂಸಿನ ಬೆನ್ನಿನ ಮೇಲಿತ್ತು. ನಗು ಏರಿ ಏರಿ ಕಣ್ಣಲ್ಲಿ ನೀರು ಬಂತು. ಕಾಳಮ್ಮ ಮಾತ್ರ ನಗದೆ, ಗಂಭೀರವಾಗಿ ಎಲೆಗೆ ಸುಣ್ಣ ಹಚ್ಚಿದಳು.

ದಿವ್ಯಶ್ರೀ ಮಗಳನ್ನು ಎತ್ತಿಕೊಂಡು ಬಂದಳು. ಕಾಳಮ್ಮ ಎದ್ದು, ಯಮುನಳ ಮೊಮ್ಮಗನ ಟೊಪ್ಪಿಯನ್ನು ಒಂದು ಬೆರಳಿನಿಂದ ಮೇಲೆ ಸರಿಸಿ ಮುಖ ನೋಡಿ, ಸೊಸೆಯ ಹಿಂದೆ ಬಸ್ಸಿನ ಕಡೆ ನಡೆದಳು. ಹೂ ಬಿಟ್ಟ ಕಾಫಿಯ ವಾಸನೆ ಎದುರಿನ ಗುಡ್ಡದಿಂದ ಗಾಳಿಯಲ್ಲಿ ಬರುತ್ತಿತ್ತು.

ಕೆಳಗೆ ಬೊಳ್ಳಪ್ಪ ಜೀಪಿನಲ್ಲಿ ಕೂತು ಹಾರ್ನ್ ಹೊಡೆದ. ಹೆಂಡತಿ ಬರಲಿಲ್ಲವೆಂದು ಇನ್ನೊಮ್ಮೆ, ಉದ್ದಕ್ಕೆ ಹೊಡೆದ.

ಸದ್ದಿಗೆ ಕೂಸು ಬೆಚ್ಚಿ, ಕಣ್ಣು ತೆರೆಯದೆಯೇ ಎರಡೂ ಕೈಗಳನ್ನು ಗಾಳಿಗೆ ಚಾಚಿತು. ಬೆರಳುಗಳೆಲ್ಲ ಬಿಚ್ಚಿಕೊಂಡವು. ಯಮುನ ಕದಲಲಿಲ್ಲ. ಆ ಕೈಗಳು ಬಿಸಿಲಿನಲ್ಲಿ ಒಂದು ಕ್ಷಣ ಹಾಗೇ ನಿಂತು, ಮೆಲ್ಲ ಮೆಲ್ಲನೆ ಮಡಚಿಕೊಂಡು ಬಂದು ಅವಳ ಎದೆಯ ಮೇಲೆ ಇಳಿದವು.